ಮೂತ್ರದ ಅವಸರಕ್ಕೆ ಕಣಕಾಲಿನ ಕರೆಂಟ್: ಮನೆಯಲ್ಲಿ ಮಾಡಿಕೊಳ್ಳುವ ಕ್ರಮ, ಎಡವುವ ಜಾಗಗಳು

"ಮೇಡಂ, ಮಷೀನು ತಗೊಂಡು ಒಂದೂವರೆ ತಿಂಗಳಾಯ್ತು. ಏನೂ ಗುಣ ಕಾಣ್ತಿಲ್ಲ."

ಫಿಸಿಯೋಥೆರಪಿ ಕೋಣೆಯಲ್ಲಿ ಕೂತ ನನಗೆ ಈ ಮಾತು ಹೊಸದಲ್ಲ. ಮಷೀನು ತನ್ನಿ ಅನ್ನುತ್ತೇನೆ. ತರುತ್ತಾರೆ. ಮಷೀನಿಗೆ ಏನೂ ಆಗಿರುವುದಿಲ್ಲ. ಪ್ಯಾಡ್ ಅಂಟಿಸಿ ತೋರಿಸಿ ಅಂದಾಗ ವಿಷಯ ಗೊತ್ತಾಗುತ್ತದೆ. ಒಬ್ಬರು ಕಾಲಿನ ಹೊರಬದಿಗೆ ಅಂಟಿಸುತ್ತಾರೆ. ಇನ್ನೊಬ್ಬರ ಮಷೀನು ಸೊಂಟನೋವಿನ ಸೆಟ್ಟಿಂಗಿನಲ್ಲೇ ಓಡುತ್ತಿರುತ್ತದೆ. ಮತ್ತೊಬ್ಬರ ಎಣ್ಣೆಗಾಲಿನ ಮೇಲೆ ಪ್ಯಾಡ್ ನಿಲ್ಲುವುದೇ ಇಲ್ಲ.

ಒಂದಕ್ಕೆ ಬಂತು ಅನ್ನಿಸಿದ ಕೂಡಲೇ ಓಡಬೇಕು, ತಡೆಯಲು ಆಗುವುದಿಲ್ಲ, ದಾರಿಯಲ್ಲೇ ಹನಿದುಬಿಡುತ್ತದೆ, ರಾತ್ರಿ ಎರಡು ಮೂರು ಸಲ ಏಳಬೇಕು. ಇದಕ್ಕೆ ಓವರ್‌ಆ್ಯಕ್ಟಿವ್ ಬ್ಲ್ಯಾಡರ್ ಅನ್ನುತ್ತಾರೆ. ಮೂತ್ರಚೀಲ ಪೂರ್ತಿ ತುಂಬುವ ಮೊದಲೇ ತುಂಬಿದೆ ಅಂತ ಗಲಾಟೆ ಮಾಡುತ್ತದೆ. ಕಣಕಾಲಿನ ಒಳಬದಿಯಲ್ಲಿ ಇಳಿಯುವ ಟಿಬಿಯಲ್ ನರವೂ ಮೂತ್ರಚೀಲದ ನರಗಳೂ ಬೆನ್ನುಹುರಿಯ ಕೆಳತುದಿಯಲ್ಲಿ ಒಂದೇ ಜಾಗಕ್ಕೆ ಹೋಗಿ ಸೇರುತ್ತವೆ. ಒಂದೇ ಕಂಬದಿಂದ ಎರಡು ಮನೆಗೆ ಲೈನ್ ಎಳೆದ ಹಾಗೆ. ಕಾಲಿನ ಲೈನಿನಲ್ಲಿ ನಿಧಾನವಾಗಿ, ದಿನವೂ ಸಣ್ಣ ಕರೆಂಟ್ ಕಳಿಸಿದರೆ ಆ ಕಡೆಯ ಗಲಾಟೆ ತಗ್ಗುತ್ತದೆ.

ಇಲ್ಲಿ ಹೇಳುವುದು ಚರ್ಮದ ಮೇಲೆ ಪ್ಯಾಡ್ ಅಂಟಿಸಿ, ಟೆನ್ಸ್ ಅನ್ನುವ, ಚರ್ಮದ ಮೂಲಕ ನರಕ್ಕೆ ಸಣ್ಣ ಕರೆಂಟ್ ಕೊಡುವ ಪುಟ್ಟ ಮಷೀನಿನಿಂದ ಮಾಡುವ ಕ್ರಮ. ಸೂಜಿ ಇಲ್ಲ, ಒಳಗೆ ಇಡುವ ಪ್ರೋಬ್ ಇಲ್ಲ. ಸೀರೆಯನ್ನೋ ನೈಟಿಯನ್ನೋ ಮೀನಖಂಡದವರೆಗೆ ಎತ್ತಿಕೊಂಡರೆ ಸಾಕು, ಹಾಲಿನಲ್ಲೇ ಕೂತು ಮಾಡಬಹುದು. ಮೊದಲ ಸಲ ಮಾತ್ರ ವೈದ್ಯರು ಅಥವಾ ಫಿಸಿಯೋಥೆರಪಿಸ್ಟ್ ಎದುರೇ ಮಾಡಿ.

ಶುರು ಮಾಡುವ ಮುಂಚೆ: ಯಾರಿಗೆ ಇದು ಬೇಡ

ಎದೆಯಲ್ಲಿ ಪೇಸ್‌ಮೇಕರ್ ಅಥವಾ ಅಂಥ ಬೇರೆ ಉಪಕರಣ ಇದ್ದವರು ಮುಟ್ಟಲೇಬೇಡಿ. ಬಸುರಿಯರು, ಮುಟ್ಟು ತಪ್ಪಿ ಅನುಮಾನದಲ್ಲಿರುವವರು ಬೇಡ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದೆ ಅಂತ ಹೇಳಿದ್ದರೆ ಬೇಡ. ಪ್ಯಾಡ್ ಕೂರುವ ಜಾಗದಲ್ಲಿ ಗಾಯ, ಇಸುಬು, ಕೀವು ಇದ್ದರೆ ಆ ಕಾಲು ಬೇಡ.

ಮೂರ್ಛೆರೋಗ ಇದ್ದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಕಣಕಾಲಿಗೆ ರಾಡು-ಪ್ಲೇಟು ಹಾಕಿಸಿಕೊಂಡವರು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇದ್ದವರಿಗೆ ಇನ್ನೊಂದು ಮಾತು. ಕಣ್ಣು ಮುಚ್ಚಿಕೊಂಡು ಯಾರಿಂದಲಾದರೂ ಹತ್ತಿಯ ಎಳೆಯನ್ನು ಅಂಗಾಲಿಗೆ, ಗಿಣ್ಣಿನ ಪಕ್ಕಕ್ಕೆ ತಾಗಿಸಿಕೊಳ್ಳಿ. ಮುಟ್ಟಿದ್ದು ಗೊತ್ತಾಗದಿದ್ದರೆ ಕರೆಂಟ್ ಜಾಸ್ತಿಯಾದದ್ದೂ ಗೊತ್ತಾಗುವುದಿಲ್ಲ. ಚರ್ಮ ಸುಟ್ಟ ಮೇಲೆ ನೋಡಿದರೆ ಏನು ಬಂತು?

ಹಂತ 1: ತೊಂದರೆ ಇದೇನಾ ಅಂತ ಖಾತ್ರಿ ಮಾಡಿಕೊಳ್ಳಿ

ಮೊದಲು ಮೂತ್ರ ಪರೀಕ್ಷೆ. ಉರಿಮೂತ್ರದ ಸೋಂಕು ಇದ್ದಾಗಲೂ ಹೀಗೇ ಅವಸರವಾಗುತ್ತದೆ. ಆಗ ಬೇಕಾದ್ದು ಸೋಂಕಿಗೆ ಔಷಧಿ. ಜೊತೆಗೆ ರಕ್ತದ ಸಕ್ಕರೆ ನೋಡಿಸಿ. ಒಂದಕ್ಕೆ ಹೋಗಿ ಬಂದ ಮೇಲೆ ಚೀಲದಲ್ಲಿ ಎಷ್ಟು ಉಳಿದಿದೆ ಅನ್ನುವ ಸ್ಕ್ಯಾನ್ ಮಾಡಿಸಿದರೆ ಇನ್ನೂ ಒಳ್ಳೆಯದು. 150 ಮಿ.ಲೀ.ಗಿಂತ ಜಾಸ್ತಿ ಉಳಿಯುತ್ತಿದ್ದರೆ ವೈದ್ಯರು ಬೇರೆ ಕಾರಣ ಹುಡುಕುತ್ತಾರೆ. ಅದು ತಿಳಿಯುವ ತನಕ ಮಷೀನು ಕೊಳ್ಳಬೇಡಿ.

ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸಿಕೊಳ್ಳಿ. ಕೆಮ್ಮಿದಾಗ, ಸೀನಿದಾಗ, ಕೊಡ ಎತ್ತಿದಾಗ ಹನಿಯುವುದು ಬೇರೆ ತೊಂದರೆ. ಅಲ್ಲಿ ತಡೆಯುವ ಸ್ನಾಯು ಸಡಿಲವಾಗಿರುತ್ತದೆ. ಅದಕ್ಕೆ ಕೆಳಹೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ ಮುಖ್ಯ, ಕಣಕಾಲಿನ ಕರೆಂಟ್ ಅಷ್ಟಾಗಿ ಕೆಲಸಕ್ಕೆ ಬಾರದು. ನಮ್ಮದು ಅವಸರದ ತೊಂದರೆ: ಮನೆ ಬಾಗಿಲಿನ ಬೀಗಕ್ಕೆ ಕೀ ಹಾಕುವಾಗಲೇ, ನಲ್ಲಿ ನೀರಿನ ಸದ್ದು ಕೇಳಿದಾಗಲೇ ಒತ್ತಿ ಬರುವಂಥದ್ದು. ಎರಡೂ ಸೇರಿಕೊಂಡಿರುವ ಹೆಂಗಸರು ಬಹಳ. ಅವರಿಗೆ ಎರಡೂ ಚಿಕಿತ್ಸೆ ಬೇಕು.

ಹಂತ 2: ಮೂರು ದಿನದ ಲೆಕ್ಕ ಬರೆಯಿರಿ

ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. "ಎಷ್ಟು ಸಲ ಹೋಗ್ತೀನಿ ಅಂತ ನನಗೇ ಗೊತ್ತು ಮೇಡಂ" ಅನ್ನುತ್ತಾರೆ. ಬರೆದಾಗ ಲೆಕ್ಕ ಬೇರೆಯೇ ಬರುತ್ತದೆ.

ಒಂದು ಹಳೆಯ ಅಳತೆ ಲೋಟವನ್ನು ಬಚ್ಚಲಿಗೇ ಅಂತ ಮೀಸಲಿಡಿ. ಬದಿಯಲ್ಲಿ ಮಿ.ಲೀ. ಗೆರೆ ಇರುವ ಪ್ಲಾಸ್ಟಿಕ್ ಮಗ್ ಆದರೂ ಸರಿ. ಮೂರು ದಿನ, ಒಂದೊಂದು ಸಲಕ್ಕೂ ನಾಲ್ಕು ವಿಷಯ ಬರೆಯಿರಿ: ಗಂಟೆ ಎಷ್ಟು, ಎಷ್ಟು ಮಿ.ಲೀ., ಅವಸರ ಎಷ್ಟಿತ್ತು, ಹನಿಯಿತೇ ಇಲ್ಲವೇ. ಕುಡಿದದ್ದನ್ನೂ ಬರೆಯಿರಿ. ಕಾಫಿ, ಟೀ, ಮಜ್ಜಿಗೆ, ಸಾರು ಎಲ್ಲ ಸೇರಿಸಿ.

ಓದುವುದು ಹೀಗೆ. ಎಚ್ಚರ ಇರುವ ಹೊತ್ತಿನಲ್ಲಿ ಏಳು ಸಲದವರೆಗೆ ಹೋಗುವುದನ್ನು ಸಾಮಾನ್ಯ ಅನ್ನುತ್ತಾರೆ. ನಿಮ್ಮದು 12-14 ಸಲ ಆಗುತ್ತಿದ್ದು, ಪ್ರತಿ ಸಲವೂ 80, 100, 120 ಮಿ.ಲೀ. ಅಂತ ಚೂರುಪಾರು ಬರುತ್ತಿದ್ದರೆ ಮೂತ್ರಚೀಲದ್ದೇ ತಕರಾರು. ಈ ಕ್ರಮ ಅಂಥವರಿಗೆ.

ಆದರೆ ದಿನದ ಒಟ್ಟು ಮೂರು ಲೀಟರ್ ದಾಟುತ್ತಿದ್ದು, ಪ್ರತಿ ಸಲವೂ ಲೋಟ ತುಂಬುತ್ತಿದ್ದರೆ ಮೂತ್ರಚೀಲವನ್ನು ಬೈದು ಪ್ರಯೋಜನವಿಲ್ಲ. ಸಾಮಾನ್ಯವಾಗಿ ಕುಡಿಯುವುದು ಜಾಸ್ತಿಯಾಗಿರುತ್ತದೆ, ಇಲ್ಲವೇ ಸಕ್ಕರೆ ಏರಿರುತ್ತದೆ. ಹಾಗೇ ವಯಸ್ಸಾದವರಲ್ಲಿ ಒಟ್ಟು ಮೂತ್ರದ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ರಾತ್ರಿಯೇ ಬರುತ್ತಿದ್ದು, ಸಂಜೆಗೆ ಕಾಲು ಊದುತ್ತಿದ್ದರೆ, ಹೃದಯ, ಮೂತ್ರಪಿಂಡ, ಬಿಪಿ ಮಾತ್ರೆ ಇವುಗಳ ಕಡೆ ನೋಡಬೇಕು. ರಾತ್ರಿ ಐದು ಸಲ ಏಳುತ್ತಿದ್ದ ಒಬ್ಬ ಅಜ್ಜಿಯ ಲೆಕ್ಕದಲ್ಲಿ ಸಿಕ್ಕಿದ್ದು ನೀರಿಳಿಸುವ ಮಾತ್ರೆಯನ್ನು ಅವರು ಸಂಜೆ ನುಂಗುತ್ತಿದ್ದದ್ದು. ವೈದ್ಯರು ಅದನ್ನು ಬೆಳಗಿನ ಹೊತ್ತಿಗೆ ಬದಲಿಸಿದರು. ನನ್ನ ಮಷೀನಿಗೆ ಅಲ್ಲಿ ಕೆಲಸವೇ ಉಳಿಯಲಿಲ್ಲ.

ಹಾಳೆಯನ್ನು ಎಸೆಯಬೇಡಿ. 12 ವಾರ ಕಳೆದ ಮೇಲೆ ಬೇಕು.

ಹಂತ 3: ಸಾಮಾನು ಕೂಡಿಸಿ

ಬೇಕಾದ್ದು ಇಷ್ಟೇ. ಹರ್ಟ್ಜ್ (ಸೆಕೆಂಡಿಗೆ ಎಷ್ಟು ಮಿಡಿತ) ಮತ್ತು ಪಲ್ಸ್ ವಿಡ್ತ್ (ಒಂದೊಂದು ಮಿಡಿತ ಎಷ್ಟು ಹೊತ್ತು) ಎರಡನ್ನೂ ನಾವೇ ಇಡಲು ಬರುವ ಒಂದು ಟೆನ್ಸ್ ಮಷೀನು. 5 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲದ ಅಂಟು ಪ್ಯಾಡ್ ಒಂದು ಜೋಡಿ. ಸೋಪು, ಟವೆಲು. ಹೊಸ ಶೆಲ್ಲು ಒಂದು ಎಕ್ಸ್‌ಟ್ರಾ.

ಮಷೀನು ಕೊಳ್ಳುವಾಗಲೇ ಎಡವುತ್ತಾರೆ. ಆನ್‌ಲೈನಿನಲ್ಲಿ ಚಿಟ್ಟೆ ಆಕಾರದ ಮಸಾಜರ್‌ಗಳು ಸಿಗುತ್ತವೆ. ಗುದ್ದುವುದು, ತಟ್ಟುವುದು, ಹಿಸುಕುವುದು ಅಂತ ಚಿತ್ರ ಇರುತ್ತದೆ, ಹರ್ಟ್ಜ್ ಎಷ್ಟು ಅಂತ ಎಲ್ಲೂ ಇರುವುದಿಲ್ಲ. ಅದು ಬೇಡ. ಕ್ಲಿನಿಕ್ಕುಗಳಲ್ಲಿ ಮಂಡಿನೋವಿಗೆ ನಾಲ್ಕು ಪ್ಯಾಡ್ ಇಟ್ಟು ಕೊಡುವ ಐಎಫ್‌ಟಿ ಕೂಡ ಬೇರೆ. "ಕರೆಂಟ್ ಇಡಿಸಿಕೊಂಡಿದ್ದೆ, ಗುಣ ಆಗಲಿಲ್ಲ" ಅನ್ನುವವರು ಯಾವ ಕರೆಂಟು, ಎಲ್ಲಿಗೆ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ.

ಗೋಡೆಯ ಪ್ಲಗ್ಗಿಗೆ ಚಾರ್ಜಿಗೆ ಹಾಕಿಕೊಂಡೇ ಕಾಲಿಗೆ ಕಟ್ಟಿಕೊಳ್ಳಬಾರದು. ಚಾರ್ಜ್ ಮುಗಿಸಿ, ವೈರು ಬಿಚ್ಚಿ, ಆಮೇಲೆ.

ಹಂತ 4: ಸೆಟ್ಟಿಂಗ್ ಮೊದಲು, ಪ್ಯಾಡ್ ಆಮೇಲೆ

ಈ ಸಾಲನ್ನು ಹಿಂದೆಮುಂದೆ ಮಾಡಬೇಡಿ. ಕಾಲಿಗೆ ಅಂಟಿಸಿಕೊಂಡ ಮೇಲೆ ಗುಂಡಿಗಳ ಜೊತೆ ಆಡಲು ಹೋಗಿ ಕರೆಂಟ್ ಚುರ್ ಅನ್ನಿಸಿಕೊಂಡವರು ಮತ್ತೆ ಮಷೀನು ಮುಟ್ಟುವುದಿಲ್ಲ.

ಮೋಡ್: ನಾರ್ಮಲ್ ಅಥವಾ ಕಂಟಿನ್ಯೂಯಸ್. ಬರ್ಸ್ಟ್, ಮಾಡ್ಯುಲೇಷನ್ ಬೇಡ.

ವೇಗ, ಅಂದರೆ ಪಲ್ಸ್ ರೇಟ್: 10 ಹರ್ಟ್ಜ್. ನಿಮ್ಮ ಥೆರಪಿಸ್ಟ್ 20 ಅಂದಿದ್ದರೆ 20. ಇದರ ನಡುವೆಯೇ ಇರಲಿ.

ಪಲ್ಸ್ ವಿಡ್ತ್: 200 ಮೈಕ್ರೊಸೆಕೆಂಡ್.

ಸಮಯ: 30 ನಿಮಿಷ.

ಹೆಚ್ಚಿನ ಟೆನ್ಸ್ ಮಷೀನುಗಳು ನೋವಿಗಾಗಿ ಬಂದಿರುವುದರಿಂದ 80 ಅಥವಾ 100 ಹರ್ಟ್ಜ್‌ನಲ್ಲೇ ಕೂತಿರುತ್ತವೆ. ಆ ವೇಗದಲ್ಲಿ ಮಂಡಿಗೆ ಹಾಯಾಗಬಹುದು, ಮೂತ್ರಚೀಲಕ್ಕೆ ನಾವು ಕೊಡಬೇಕಾದದ್ದು ನಿಧಾನದ್ದು. ಗುಂಡಿ ತಿರುಗಿಸುವ ಹಳೇ ಮಾದರಿಯಾದರೆ ಮುಂದಿನ ಸಣ್ಣ ಮುಚ್ಚಳ ಜಾರಿಸಿ ನೋಡಿ. ಅದರೊಳಗೆ ಸಾಸಿವೆ ಕಾಳಿನಷ್ಟು ಸಣ್ಣ ಅಂಕಿಗಳಿರುತ್ತವೆ. ಕನ್ನಡಕ ಹಾಕಿಕೊಂಡು, ಬೆಳಕಿನಲ್ಲಿ ಇಡಿ. ಇಟ್ಟ ಮೇಲೆ ಮುಚ್ಚಳಕ್ಕೆ ಒಂದು ತುಂಡು ಟೇಪ್ ಅಂಟಿಸಿ. ಮೊಮ್ಮಕ್ಕಳಿರುವ ಮನೆಯಲ್ಲಿ ಇದು ಬೇಕೇ ಬೇಕು.

ಎರಡು ವೈರು ಹಾಕುವ ಮಷೀನಿನಲ್ಲಿ ಒಂದೇ ಚಾನೆಲ್ ಸಾಕು. ಒಂದು ವೈರಿಗೆ ಎರಡು ಕೊನೆ, ಎರಡಕ್ಕೂ ಒಂದೊಂದು ಪ್ಯಾಡ್.

ಹಂತ 5: ಕಾಲು ತೊಳೆಯಿರಿ, ಗೆಜ್ಜೆ ಬಿಚ್ಚಿ

ಹಿಮ್ಮಡಿಗೆ ಕೊಬ್ಬರಿ ಎಣ್ಣೆ, ಶುಕ್ರವಾರ ಪಾದಕ್ಕೆ ಅರಿಶಿನ, ಚಳಿಗಾಲದಲ್ಲಿ ವ್ಯಾಸಲೀನು. ನಮ್ಮ ಹೆಂಗಸರ ಕಾಲಿನಲ್ಲಿ ಇವುಗಳಲ್ಲಿ ಒಂದಾದರೂ ಇರುತ್ತದೆ, ಅಲ್ವಾ? ಎಣ್ಣೆಯ ಮೇಲೆ ಪ್ಯಾಡ್ ನಿಲ್ಲುವುದಿಲ್ಲ. ನಿಂತರೂ ಒಂದು ಮೂಲೆ ಎದ್ದಿರುತ್ತದೆ. ಆಗ ಪೂರ್ತಿ ಕರೆಂಟ್ ಅಂಟಿರುವ ಚೂರಿನಿಂದಲೇ ನುಗ್ಗಿ, ಸೂಜಿ ಚುಚ್ಚಿದ ಹಾಗಾಗುತ್ತದೆ.

ಸೋಪು ಹಾಕಿ ಗಿಣ್ಣಿನಿಂದ ಮೀನಖಂಡದ ಅರ್ಧದವರೆಗೆ ತೊಳೆದು, ಒರೆಸಿ, ಎರಡು ನಿಮಿಷ ಗಾಳಿಗೆ ಬಿಡಿ. ಹೊಸದಾಗಿ ಶೇವ್ ಮಾಡಿದ ಚರ್ಮದ ಮೇಲೆ ಅಂಟಿಸಿದರೆ ಉರಿಯುತ್ತದೆ, ಒಂದು ದಿನ ಬಿಡಿ. ಕಾಲುಗೆಜ್ಜೆ ಬಿಚ್ಚಿಡಿ, ಬೆಳ್ಳಿ ಪ್ಯಾಡಿಗೆ ತಾಗಬಾರದು. ಕಾಲುಂಗುರ ದೂರ ಇರುತ್ತದೆ, ಅದನ್ನು ತೆಗೆಯಬೇಕಿಲ್ಲ. ಈ ಪ್ರಶ್ನೆಯನ್ನು ಎಷ್ಟೋ ಮಂದಿ ಕೇಳಲು ನಾಚಿಕೊಂಡು ಚಿಕಿತ್ಸೆಯನ್ನೇ ಬಿಟ್ಟಿದ್ದಾರೆ.

ಹಂತ 6: ನರ ಹುಡುಕಿ

ಇಲ್ಲಿ ಆತುರ ಬೇಡ. ಹತ್ತರಲ್ಲಿ ಎಂಟು ಜನ ಸೋಲುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ.

ಕುರ್ಚಿಯ ಮೇಲೆ ಕೂತು, ಒಂದು ಕಾಲನ್ನು ಇನ್ನೊಂದು ತೊಡೆಯ ಮೇಲೆ ಹಾಕಿ. ಮಂಡಿ ನೋಯುವವರು ಎದುರಿಗೆ ಒಂದು ಸ್ಟೂಲ್ ಇಟ್ಟು ಅದರ ಮೇಲೆ ಕಾಲು ಚಾಚಿ, ಪಾದವನ್ನು ಹೊರಕ್ಕೆ ವಾಲಿಸಿ. ಈಗ ಕಣಕಾಲಿನ ಒಳಬದಿ, ಅಂದರೆ ಇನ್ನೊಂದು ಕಾಲಿನ ಕಡೆಗಿರುವ ಬದಿ, ನಿಮಗೆ ಕಾಣಬೇಕು. ಅಲ್ಲಿ ಉಬ್ಬಿಕೊಂಡಿರುವ ಮೂಳೆಯೇ ಒಳಗಿಣ್ಣು.

ಒಳಗಿಣ್ಣಿನ ಹಿಂದೆ, ಹಿಮ್ಮಡಿಯ ಹಿಂದಿನ ದಪ್ಪ ಹುರಿಗೂ ಗಿಣ್ಣಿಗೂ ನಡುವೆ ಒಂದು ತಗ್ಗು ಇದೆ. ಆ ತಗ್ಗಿಗೆ ಎರಡು ಬೆರಳಿಟ್ಟು ಹಗುರವಾಗಿ ಒತ್ತಿ. ಕೈ ನಾಡಿಯ ಹಾಗೆ ಅಲ್ಲೂ ಒಂದು ನಾಡಿ ಮಿಡಿಯುತ್ತದೆ. ಟಿಬಿಯಲ್ ನರ ಅದರ ಪಕ್ಕದಲ್ಲೇ, ಸ್ವಲ್ಪ ಹಿಂದೆ ಇಳಿಯುತ್ತದೆ. ಮೊದಲನೇ ಪ್ಯಾಡಿನ ಜಾಗ ಇದು. ನಾಡಿ ಸಿಗದಿದ್ದರೆ ಚಿಂತೆಯಿಲ್ಲ, ತಗ್ಗು ಸಿಕ್ಕರೆ ಸಾಕು.

ಎರಡನೇ ಪ್ಯಾಡಿಗೆ, ಒಳಗಿಣ್ಣಿನಿಂದ ಮೊಣಕಾಲಿನ ಕಡೆಗೆ ನಿಮ್ಮದೇ ನಾಲ್ಕು ಬೆರಳು ಅಡ್ಡ ಇಟ್ಟು ಅಳೆಯಿರಿ. ಪ್ಯಾಡಿನ ಕೆಳಅಂಚು ಅಲ್ಲಿಗೆ ಬರಲಿ. ಮುಂಗಾಲಿನ ಮೂಳೆಯ ಒಳಅಂಚು ಕೈಗೆ ಸಿಗುತ್ತದಲ್ಲ, ಅದರ ಹಿಂದೆಯೇ, ಮೆತ್ತನೆ ಜಾಗದಲ್ಲಿ. ಮೂಳೆಯ ಮೇಲೆ ಏರಬಾರದು. ಎರಡು ಪ್ಯಾಡಿನ ನಡುವೆ ಕನಿಷ್ಠ ಎರಡು ಬೆರಳಿನ ಜಾಗ ಖಾಲಿ ಇರಬೇಕು, ಒಂದಕ್ಕೊಂದು ತಾಗಬಾರದು.

ನನ್ನದೇ ಒಂದು ಎಡವಟ್ಟು ಹೇಳುತ್ತೇನೆ. ಊರಿನಲ್ಲಿರುವ ನಮ್ಮ ಅತ್ತೆಗೆ ಫೋನಿನಲ್ಲೇ ಹೇಳಿಕೊಟ್ಟಿದ್ದೆ: "ಅತ್ತೆ, ಇನ್ನೊಂದು ಪ್ಯಾಡು ಗಿಣ್ಣಿನ ಮೇಲೆ ಇಡಿ." ಮೂರು ವಾರ ಆದರೂ ರಾತ್ರಿ ಏಳುವುದು ನಿಲ್ಲಲಿಲ್ಲ. ಹಬ್ಬಕ್ಕೆ ಹೋದಾಗ ನೋಡುತ್ತೇನೆ, ಪ್ಯಾಡ್ ಸರಿಯಾಗಿ ಮೂಳೆಯ ನೆತ್ತಿಗೇ ಕೂತಿದೆ! "ಇದೇನತ್ತೆ ಹೀಗಿಟ್ಟಿದ್ದೀರಿ?" ಅಂದೆ. "ನೀನೇ ತಾನೆ ಗಿಣ್ಣಿನ ಮೇಲೆ ಅಂದಿದ್ದು?" ಅಂದರು. ಅವರದ್ದೇನು ತಪ್ಪು? ಆವತ್ತಿನಿಂದ ನಾನು "ಮೇಲೆ" ಅನ್ನುವುದನ್ನೇ ಬಿಟ್ಟಿದ್ದೇನೆ. "ಮೊಣಕಾಲಿನ ಕಡೆಗೆ ನಾಲ್ಕು ಬೆರಳು" ಅನ್ನುತ್ತೇನೆ. ಬಾಲ್‌ಪೆನ್ನಿನಿಂದ ಚರ್ಮದ ಮೇಲೆ ಚೌಕ ಬರೆದು ಕಳಿಸುತ್ತೇನೆ. ನೀವೂ ಸರಿಯಾದ ಜಾಗ ಸಿಕ್ಕ ದಿನ ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.

ಹಂತ 7: ಬೆರಳು ಆಡುವ ತನಕ ಏರಿಸಿ

ಮಷೀನು ಸೊನ್ನೆಯಲ್ಲಿದೆಯೇ ನೋಡಿ. ಆನ್ ಮಾಡಿ. ಕಣ್ಣು ಕಾಲಿನ ಹೆಬ್ಬೆರಳಿನ ಮೇಲಿರಲಿ, ಮಷೀನಿನ ಅಂಕಿಯ ಮೇಲೆ ಬೇಡ.

ಒಂದೊಂದೇ ಗೆರೆ ಏರಿಸಿ, ಪ್ರತಿ ಗೆರೆಗೆ ಎರಡು ಉಸಿರು ನಿಲ್ಲಿ. ಮೊದಲು ಪ್ಯಾಡಿನ ಕೆಳಗೆ ಇರುವೆ ಹರಿದ ಹಾಗೆ ಅನ್ನಿಸುತ್ತದೆ. ಇನ್ನೂ ಏರಿಸಿದರೆ ಆ ಜುಮುಜುಮು ಹಿಮ್ಮಡಿಗೆ, ಅಂಗಾಲಿಗೆ ಇಳಿಯುತ್ತದೆ. ಒಳ್ಳೆಯ ಸುದ್ದಿ, ನರ ಸಿಕ್ಕಿದೆ. ಇನ್ನೂ ಸ್ವಲ್ಪ ಏರಿಸಿದಾಗ ಹೆಬ್ಬೆರಳು ಕೆಳಕ್ಕೆ ಪಟಪಟ ಬಾಗುತ್ತದೆ, ಅಥವಾ ಬೆರಳುಗಳೆಲ್ಲ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತವೆ. ಮೊದಲ ಸಲ ನೋಡಿದವರು ನಗುತ್ತಾರೆ. ತಮ್ಮ ಬೆರಳು ತಮ್ಮ ಮಾತು ಕೇಳದೆ ಕುಣಿಯುತ್ತದಲ್ಲ!

ಬೆರಳು ಆಡಿತೇ? ಈಗ ಒಂದು ಗೆರೆ ಇಳಿಸಿ. ಬಲವಾದ ಜುಮುಜುಮು ಇರಬೇಕು, ನೋವು ಇರಬಾರದು. ಅಲ್ಲಿಗೆ ನಿಲ್ಲಿಸಿ. ಆವತ್ತಿನ 30 ನಿಮಿಷದ ಮಟ್ಟ ಅದು. ನಾಳೆ ಬೇರೆ ಅಂಕಿ ಬರಬಹುದು. ಪಕ್ಕದ ಮನೆಯವರದ್ದು 12ಕ್ಕೆ ಆಡಿತು, ನನ್ನದು 25ಕ್ಕೆ ಅಂತ ಹೋಲಿಸಬೇಡಿ. ಚರ್ಮ, ಕೊಬ್ಬು, ಕಾಲಿನ ಬಾವು ಎಲ್ಲ ಸೇರಿ ಅದನ್ನು ನಿರ್ಧರಿಸುತ್ತವೆ.

ಬೆರಳು ಆಡದಿದ್ದರೆ ಕರೆಂಟನ್ನು ಸುಮ್ನೆ ಏರಿಸುತ್ತಾ ಹೋಗಬೇಡಿ. ಸೊನ್ನೆಗಿಳಿಸಿ, ಆಫ್ ಮಾಡಿ, ಪ್ಯಾಡ್ ಸರಿಸಿ. ಪ್ಯಾಡಿನ ಕೆಳಗಷ್ಟೇ ಚುಚ್ಚುತ್ತಿದ್ದರೆ ಜೆಲ್ ಒಣಗಿದೆ ಅಥವಾ ಮೂಳೆಯ ಮೇಲೆ ಕೂತಿದೆ. ಮೀನಖಂಡ ಇಡೀ ಬಿಗಿಯುತ್ತಿದ್ದರೆ ಎರಡನೇ ಪ್ಯಾಡ್ ತುಂಬ ಹಿಂದೆ ಹೋಗಿದೆ, ಮೂಳೆಯ ಕಡೆಗೆ ತನ್ನಿ. ಏನೂ ಗೊತ್ತಾಗದಿದ್ದರೆ ವೈರಿನ ಪಿನ್ನು, ಶೆಲ್ಲು ನೋಡಿ. ಅರ್ಧ ಬೆರಳಿನಷ್ಟು ಸರಿಸಿದರೂ ಫಲ ಬದಲಾಗುತ್ತದೆ.

ಕಾಲು ದಪ್ಪಗಿರುವವರಲ್ಲಿ, ಊದಿರುವವರಲ್ಲಿ ಬೆರಳು ಕಣ್ಣಿಗೆ ಕಾಣುವಷ್ಟು ಆಡದೇ ಇರಬಹುದು. ಜುಮುಜುಮು ಅಂಗಾಲಿಗೆ ಇಳಿದರೆ ಅವರಿಗೆ ಅಷ್ಟೇ ಸಾಕು. ಬೆರಳೂ ಆಡಲಿಲ್ಲ, ಅಂಗಾಲೂ ಜುಮ್ಮೆನ್ನಲಿಲ್ಲ ಅನ್ನುವ ದಿನವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಬೇಡ.

ಹಂತ 8: ಆ ಅರ್ಧ ಗಂಟೆ

ಟಿವಿ ನೋಡಿ, ಹೂ ಕಟ್ಟಿ, ಸೊಪ್ಪು ಬಿಡಿಸಿ. ನಿದ್ದೆ ಮಾಡಬೇಡಿ. ಅಡುಗೆಮನೆಯಲ್ಲಿ ಓಡಾಡಬೇಡಿ, ನೀರಿನ ಹತ್ತಿರ ಹೋಗಬೇಡಿ. ಹತ್ತು ನಿಮಿಷಕ್ಕೆ ಜುಮುಜುಮು ಕಮ್ಮಿಯಾದಂತೆ ಅನ್ನಿಸುತ್ತದೆ, ನರ ಒಗ್ಗಿಕೊಳ್ಳುತ್ತದೆ. ಒಂದು ಗೆರೆ ಏರಿಸಿ.

ಮುಗಿದ ಮೇಲೆ ಮೊದಲು ಸೊನ್ನೆ, ಆಮೇಲೆ ಆಫ್, ಆಮೇಲೆ ಪ್ಯಾಡ್. ಪ್ಯಾಡಿನ ಅಂಚು ಹಿಡಿದು ಬಿಡಿಸಿ. ವೈರು ಹಿಡಿದು ಎಳೆದರೆ ಒಳಗಿನ ಎಳೆ ಕಿತ್ತುಬರುತ್ತದೆ. ಪ್ಲಾಸ್ಟಿಕ್ ಹಾಳೆಗೆ ಮತ್ತೆ ಅಂಟಿಸಿ ಕವರಿನಲ್ಲಿ ಮುಚ್ಚಿಡಿ. ಅಂಟು ಸೋತರೆ ಒಂದು ಹನಿ ನೀರು ಸವರಿ. ಆದರೂ ಹಿಡಿಯದಿದ್ದರೆ ಬಿಸಾಕಿ ಹೊಸದು ತನ್ನಿ. ಬೇರೆಯವರ ಜೊತೆ ಪ್ಯಾಡ್ ಹಂಚಿಕೊಳ್ಳಬೇಡಿ.

ಅಂಟಿದ್ದ ಜಾಗ ತಿಳಿಗೆಂಪಾಗಿ, ಸ್ವಲ್ಪ ಹೊತ್ತಿಗೆ ಮಾಸಿದರೆ ಪರವಾಗಿಲ್ಲ. ಮರುದಿನ ಇನ್ನೊಂದು ಕಾಲಿಗೆ ಮಾಡಿ, ಚರ್ಮಕ್ಕೆ ಬಿಡುವು ಸಿಗುತ್ತದೆ.

ಹಂತ 9: ಹನ್ನೆರಡು ವಾರ, ಜೊತೆಗೆ ತಡೆಯುವ ಅಭ್ಯಾಸ

ಎಷ್ಟು ದಿನಕ್ಕೊಮ್ಮೆ ಅನ್ನುವುದನ್ನು ನಿಮ್ಮ ಥೆರಪಿಸ್ಟ್ ಹೇಳುತ್ತಾರೆ. ವಾರಕ್ಕೆ ಎರಡು ಮೂರು ಸಲ ಮಾಡಿಸುವವರೂ ಇದ್ದಾರೆ, ದಿನವೂ ಮಾಡಿಸುವವರೂ ಇದ್ದಾರೆ. ನಾನು ಮನೆಯಲ್ಲಿ ಮಾಡಿಕೊಳ್ಳುವವರಿಗೆ ದಿನವೂ ಅನ್ನುತ್ತೇನೆ. ವಾರಕ್ಕೆ ಮೂರು ಅಂದರೆ ಒಂದಾಗುತ್ತದೆ, ನಮ್ಮ ಮನೆಗಳ ಕಥೆ ನಮಗೆ ಗೊತ್ತಿಲ್ಲವೇ? ಹೊತ್ತು ಗೊತ್ತು ಮಾಡಿಕೊಳ್ಳಿ, ಸಂಜೆ ದೀಪ ಹಚ್ಚಿದ ಮೇಲೆ ಅಂತಲೋ, ಮಧ್ಯಾಹ್ನ ಪಾತ್ರೆ ಮುಗಿದ ಮೇಲೆ ಅಂತಲೋ.

ಎರಡು ವಾರಕ್ಕೆ ಗುಣ ಹುಡುಕಬೇಡಿ. ಬದಲಾವಣೆ ಸಾಮಾನ್ಯವಾಗಿ ಆರರಿಂದ ಎಂಟು ವಾರದ ಹೊತ್ತಿಗೆ ಕಾಣುತ್ತದೆ. ಎಷ್ಟು ಸಲ ಹೋದೆ ಅನ್ನುವ ಲೆಕ್ಕಕ್ಕಿಂತ ಮೊದಲು ಅವಸರದ ಜೋರು ತಗ್ಗುವುದನ್ನು ನಾನು ನೋಡಿದ್ದೇನೆ. "ಬಂತು, ಆದರೆ ಹಾಲು ಕಾಯಿಸಿ ಇಳಿಸಿಟ್ಟು ಹೋದೆ ಮೇಡಂ" ಅಂತ ಒಬ್ಬರು ಹೇಳಿದರು. ಇಂಥದ್ದನ್ನು ಬರೆದಿಡಿ.

ಕರೆಂಟಿನ ಜೊತೆಗೇ ಅಭ್ಯಾಸವೂ ಬದಲಾಗಬೇಕು. ಅವಸರ ಬಂದ ಕೂಡಲೇ ಓಡಬೇಡಿ. ಇದ್ದಲ್ಲೇ ನಿಲ್ಲಿ ಅಥವಾ ಕೂರಿ. ಮೂತ್ರವನ್ನೂ ಗಾಳಿಯನ್ನೂ ಒಟ್ಟಿಗೆ ತಡೆದ ಹಾಗೆ ಕೆಳಗಿನ ಸ್ನಾಯುಗಳನ್ನು ಐದಾರು ಸಲ ಬೇಗಬೇಗ ಬಿಗಿದು ಬಿಡಿ. ಅಲೆ ಏರಿ ಇಳಿಯುತ್ತದೆ. ಇಳಿದ ಮೇಲೆ ನಡೆದು ಹೋಗಿ. ಗಂಟೆಗೊಮ್ಮೆ ಹೋಗುತ್ತಿದ್ದರೆ ಈ ವಾರ ಒಂದೂಕಾಲು ಗಂಟೆಗೆ, ಮುಂದಿನ ವಾರ ಒಂದೂವರೆ ಗಂಟೆಗೆ ಅಂತ ಜಗ್ಗಿಸಿ. ಬಸ್ಸು ಹತ್ತುವ ಮುಂಚೆ ಹೋಗುವುದು ಸರಿ. ಆದರೆ ತರಕಾರಿ ಅಂಗಡಿಗೆ ಹೊರಟರೂ "ಯಾವುದಕ್ಕೂ ಒಂದು ಸಲ ಹೋಗಿ ಬಂದುಬಿಡೋಣ" ಅನ್ನುವ ರೂಢಿಯೇ, ಸ್ವಲ್ಪ ತುಂಬಿದರೂ ಅವಸರ ಮಾಡುವ ಹಾಗೆ ಚೀಲವನ್ನು ಕೆಡಿಸುತ್ತದೆ.

ನೀರು ಕುಡಿಯುವುದನ್ನು ಬಿಡಬೇಡಿ. ಮೂತ್ರ ಗಟ್ಟಿಯಾದಷ್ಟೂ ಚೀಲ ಉರಿದು ಅವಸರ ಏರುತ್ತದೆ. ಕಡಿಮೆ ಮಾಡಬೇಕಾದ್ದು ಕಾಫಿ, ಟೀ. ಮೂರು ಲೋಟವನ್ನು ಒಂದಕ್ಕಿಳಿಸಿ, ಸಂಜೆಯದ್ದನ್ನು ಬಿಟ್ಟು ನೋಡಿ. ಡಿಕಾಕ್ಷನ್ ಬಿಡಿ ಅನ್ನುವಾಗ ನನಗೇ ಬಾಯಿ ಬರುವುದಿಲ್ಲ, ಆದರೂ ಹೇಳಲೇಬೇಕು. ಮಲಬದ್ಧತೆ ಇದ್ದರೆ ಅದನ್ನೂ ಸರಿಮಾಡಿಕೊಳ್ಳಿ, ತುಂಬಿದ ಕರುಳು ಮೂತ್ರಚೀಲವನ್ನು ಒತ್ತುತ್ತಲೇ ಇರುತ್ತದೆ.

ವೈದ್ಯರು ಕೊಟ್ಟ ಮಾತ್ರೆ ನಡೆಯುತ್ತಿದ್ದರೆ ನಡೆಯಲಿ. ಸಾಲಿಫೆನಾಸಿನ್, ಟಾಲ್ಟೆರೊಡಿನ್ ಥರದ ಮಾತ್ರೆಗಳಿಂದ ಬಾಯಿ ಒಣಗುತ್ತದೆ ಅಂತ ನೀವೇ ನಿಲ್ಲಿಸಬೇಡಿ, ಹೇಳಿ ಬದಲಿಸಿಕೊಳ್ಳಿ.

ಎಚ್ಚರಿಕೆ: ಮಷೀನು ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕಾದ ಗುರುತುಗಳು

ಮೂತ್ರದಲ್ಲಿ ರಕ್ತ, ಒಂದೇ ಸಲ ಆದರೂ, ನೋವಿಲ್ಲದಿದ್ದರೂ ಸರಿ. ಮುಟ್ಟು ನಿಂತವರು "ಏನೋ ಉಷ್ಣ" ಅಂತ ಬಿಡುವುದನ್ನು ಕಂಡರೆ ನನಗೆ ಭಯವಾಗುತ್ತದೆ.

ಚಳಿಜ್ವರದ ಜೊತೆ ಉರಿಮೂತ್ರ, ಪಕ್ಕೆನೋವು. ಮೂತ್ರ ಕಟ್ಟಿಕೊಂಡು ಬಾರದಿರುವುದು. ತೊಡೆಸಂದು, ಆಸನದ ಸುತ್ತ ಜೋಮು, ಕಾಲು ಹಠಾತ್ತನೆ ಸೋಲುವುದು, ಮಲ ತಡೆಯಲಾಗದಿರುವುದು. ಈ ಕೊನೆಯ ಸಾಲಿನಲ್ಲಿ ಯಾವುದೊಂದು ಇದ್ದರೂ ಅದೇ ದಿನ, ಅದೇ ಗಂಟೆ ತೋರಿಸಬೇಕು. ಬೆಳಗಾಗಲಿ ಅಂತ ಕಾಯಬೇಡಿ.

ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಆ ಕಾಲಿಗೆ ಕರೆಂಟ್ ಇಡಬೇಡಿ, ತಿಕ್ಕಲೂಬೇಡಿ, ವೈದ್ಯರಿಗೆ ತೋರಿಸಿ. ಪ್ಯಾಡಿನ ಜಾಗದಲ್ಲಿ ಗುಳ್ಳೆ, ತುರಿಕೆ ಎದ್ದರೆ ಅಂಟಿನ ಅಲರ್ಜಿ ಇರಬಹುದು. ಮಾಗುವ ತನಕ ನಿಲ್ಲಿಸಿ, ಬೇರೆ ಥರದ ಪ್ಯಾಡ್ ಕೇಳಿ.

ಹಂತ 10: ಹನ್ನೆರಡು ವಾರ ಆದ ಮೇಲೆ

ಮತ್ತೆ ಮೂರು ದಿನ ಬರೆಯಿರಿ. ಹಳೇ ಹಾಳೆ ಪಕ್ಕದಲ್ಲಿಡಿ. 13 ಸಲ 9ಕ್ಕೆ ಇಳಿದಿದ್ದರೆ, 100 ಮಿ.ಲೀ. 180ಕ್ಕೆ ಏರಿದ್ದರೆ, ದಿನಕ್ಕೆ ಎರಡು ಸಲ ಹನಿಯುತ್ತಿದ್ದದ್ದು ವಾರಕ್ಕೆ ಎರಡಾಗಿದ್ದರೆ ಕೆಲಸ ಮಾಡಿದೆ ಅಂತಲೇ ಅರ್ಥ. ಪೂರ್ತಿ ವಾಸಿಯಾಗಲಿಲ್ಲ ಅಂತ ಮೂಲೆಗೆ ಎಸೆಯಬೇಡಿ. ಒಮ್ಮೆಲೇ ನಿಲ್ಲಿಸಿದರೆ ತೊಂದರೆ ಮೆಲ್ಲಗೆ ಮರಳುತ್ತದೆ. ದಿನ ಬಿಟ್ಟು ದಿನ, ಆಮೇಲೆ ವಾರಕ್ಕೆರಡು, ಆಮೇಲೆ ವಾರಕ್ಕೊಂದು ಅಂತ ಇಳಿಸಿ, ಎಲ್ಲಿಗೆ ನಿಂತರೆ ನಿಮಗೆ ನೆಮ್ಮದಿಯೋ ಅಲ್ಲಿಗೆ ನಿಲ್ಲಿ.

ಏನೂ ಬದಲಾಗದಿದ್ದರೆ ಮುಂದೆ ಬಾಗಿಲುಗಳಿವೆ. ಇದೇ ನರಕ್ಕೆ ಕೂದಲಿನಷ್ಟು ತೆಳು ಸೂಜಿ ಇಟ್ಟು, ವಾರಕ್ಕೊಮ್ಮೆ 30 ನಿಮಿಷದಂತೆ 12 ವಾರ ಕ್ಲಿನಿಕ್ಕಿನಲ್ಲಿ ಮಾಡುತ್ತಾರೆ. ಅಮೆರಿಕದಲ್ಲಿ 220 ಮಂದಿಯ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆ ಸೂಜಿ ಚಿಕಿತ್ಸೆ ಪಡೆದವರಲ್ಲಿ 54.5 ಶೇಕಡಾ ಮಂದಿ ಸುಧಾರಿಸಿದೆ ಅಂದರು, ಹೋಲಿಸಿ ನೋಡಲು ಅಂತ ತೋರಿಕೆಗಷ್ಟೇ ಕೊಟ್ಟ ಸುಳ್ಳು ಚಿಕಿತ್ಸೆ ಪಡೆದವರಲ್ಲಿ 20.9 ಶೇಕಡಾ. ಅಂದರೆ ಅರ್ಧದಷ್ಟು ಜನಕ್ಕೆ ಹಿಡಿಸುತ್ತದೆ, ಉಳಿದರ್ಧಕ್ಕೆ ಇಲ್ಲ. ಹಿಡಿಸದಿದ್ದರೆ ಅದು ನಿಮ್ಮ ತಪ್ಪಲ್ಲ.

ಯೋನಿಯೊಳಗೆ ಪ್ರೋಬ್ ಇಟ್ಟು ಕೊಡುವ ಕರೆಂಟ್ ಇನ್ನೊಂದು ದಾರಿ. ಅವಸರಕ್ಕೆ ಅಲ್ಲೂ 10 ಹರ್ಟ್ಜ್ ಸುತ್ತಮುತ್ತಲೇ ಬಳಸುತ್ತಾರೆ, ಕೆಮ್ಮಿದಾಗ ಹನಿಯುವುದಕ್ಕೆ 50ರ ಆಸುಪಾಸು. ಮುಟ್ಟಿನ ದಿನಗಳಲ್ಲಿ, ಬಿಳಿಸೆರಗು-ಸೋಂಕು ಇದ್ದಾಗ, ಬಸುರಿನಲ್ಲಿ ಬೇಡ. ಪ್ರೋಬ್ ಒಬ್ಬರದ್ದು ಒಬ್ಬರಿಗೇ. ಇದನ್ನು ಈ ಬರಹ ಓದಿ ಶುರು ಮಾಡಬೇಡಿ, ಪರೀಕ್ಷೆ ಮಾಡಿ ಹೇಳಿಕೊಡುವವರು ಎದುರಿರಬೇಕು. ಮೂತ್ರಚೀಲಕ್ಕೆ ಬೊಟಾಕ್ಸ್ ಇಂಜೆಕ್ಷನ್, ಬೆನ್ನಿನ ಕೆಳಗೆ ಕೂರಿಸುವ ಪೇಸ್‌ಮೇಕರ್ ಥರದ ಉಪಕರಣ ಇವು ಯೂರಾಲಜಿಸ್ಟ್ ಹತ್ತಿರ ಕೂತು ಮಾತಾಡಬೇಕಾದವು. ಅವರನ್ನು ನೋಡಲು ಹೋಗುವಾಗ ಶುರುವಿನ ಹಾಳೆ, 12 ವಾರದ ಹಾಳೆ, ಪ್ಯಾಡ್ ಇಟ್ಟ ಕಾಲಿನ ಫೋಟೊ, ಈ ಮೂರನ್ನೂ ಹಿಡಿದುಕೊಂಡೇ ಹೋಗಿ.